ಮಾರುವವರಿಗೆ ನಾಲ್ಕು ಮಾತು

ವ್ಯಾಪಾರದಲ್ಲಿ ಮೋಸ ಎಂದ ಕೂಡಲೇ ನಮ್ಮ ಮನಸ್ಸು ಅಂಗಡಿಯವನ ಕಡೆಗೇ ತಿರುಗುತ್ತದೆ. ತಕ್ಕಡಿಯ ತಟ್ಟೆಯ ಅಡಿಯಲ್ಲಿ ಹುಣಿಸೆಹಣ್ಣು ಮೆತ್ತಿದವನು, ಹಾಲಿಗೆ ನೀರು ಬೆರೆಸಿದವನು, ಅಕ್ಕಿಯಲ್ಲಿ ಕಲ್ಲು ಸೇರಿಸಿದವನು, ಇವರ ಕಥೆಗಳನ್ನು ಕೇಳಿಯೇ ನಾವೆಲ್ಲ ಬೆಳೆದದ್ದು. ಕೊಳ್ಳುವವನು ಅಮಾಯಕ, ಮಾರುವವನು ಚತುರ ಎಂಬುದು ಲೋಕದ ತೀರ್ಮಾನ. ಕಾನೂನುಗಳೂ ಬಹುಮಟ್ಟಿಗೆ ಈ ಎಣಿಕೆಯ ಮೇಲೆಯೇ ನಿಂತಿವೆ. ಗ್ರಾಹಕರ ರಕ್ಷಣೆಗೆಂದು 1986ರಲ್ಲಿ ಒಂದು ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರಲ್ಲಿ ಇನ್ನೂ ವಿಸ್ತಾರವಾದ ಮತ್ತೊಂದು ಬಂದಿತು. ಇವೆಲ್ಲ ಬೇಕಾದವುಗಳೇ. ಆದರೆ ಗಿರಾಕಿಯೇ ಮೋಸಗಾರನಾದರೆ ಮಾರುವವನು ಏನು ಮಾಡಬೇಕು ಎಂಬ ಮಾತನ್ನು ನಮಗೆ ಹೇಳಿಕೊಟ್ಟವರು ಕಡಿಮೆ.

ಹಿಂದೆ ಅದರ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ಮಾರುವವನೆಂದರೆ ವರ್ತಕ, ಅವನಿಗೆ ಅವನ ಕಸಬು ಗೊತ್ತಿತ್ತು. ಇಂದು ಹಾಗಿಲ್ಲ. ವರ್ಗವಾಗಿ ಬೇರೆ ಊರಿಗೆ ಹೊರಟ ಗುಮಾಸ್ತರು ಮನೆಯ ಬೀರುವನ್ನೂ ಮಂಚವನ್ನೂ ಮಾರಲು ಮೊಬೈಲಿನಲ್ಲಿ ಜಾಹೀರಾತು ಹಾಕುತ್ತಾರೆ. ಓದು ಮುಗಿಸಿದ ಹುಡುಗ ತನ್ನ ಹಳೆಯ ಸೈಕಲ್ಲನ್ನು ಮಾರುತ್ತಾನೆ. ಇಳಕಲ್ಲಿನ ನೇಕಾರನೊಬ್ಬ ಸೀರೆಯ ಚಿತ್ರವನ್ನು ವಾಟ್ಸಾಪಿನಲ್ಲಿ ಹತ್ತು ಊರಿಗೆ ಕಳುಹಿಸುತ್ತಾನೆ. ಚನ್ನಪಟ್ಟಣದ ಗೊಂಬೆ, ಮಲೆನಾಡಿನ ಜೇನು, ಯಾವುದೋ ಬೀದಿಯ ಗೃಹಿಣಿ ಮಾಡಿದ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಎಲ್ಲಕ್ಕೂ ದೂರದ ಗಿರಾಕಿಗಳು ಸಿಕ್ಕಿದ್ದಾರೆ. ಇದು ಸಂತೋಷದ ಸಂಗತಿ. ಅಂಗಡಿಯ ಬಾಡಿಗೆ ಕೊಡಲಾರದವರಿಗೂ ಸಂಪಾದನೆಯ ಒಂದು ದಾರಿ ತೆರೆಯಿತು. ಆದರೆ ಇವರಲ್ಲಿ ಹೆಚ್ಚಿನವರು ಹುಟ್ಟು ವರ್ತಕರಲ್ಲ. ಇವರ ಪಾಲಿಗೆ ನಾಲ್ಕೈದು ಸಾವಿರ ರೂಪಾಯಿ ಎಂದರೆ ತಿಂಗಳ ಮನೆಸಾಮಾನು ಅಥವಾ ಮಕ್ಕಳ ಶಾಲೆಯ ಫೀಸು. ವಂಚಕರ ಕಣ್ಣು ಬಿದ್ದಿರುವುದು ಇಂಥವರ ಮೇಲೆಯೇ.

ಸಂತೆಯಲ್ಲಿ ನಡೆಯುವ ವ್ಯಾಪಾರವನ್ನು ಒಮ್ಮೆ ನೆನೆಯಿರಿ. ಕೊಳ್ಳುವವನು ಎದುರಿಗೆ ನಿಂತಿರುತ್ತಾನೆ. ಒಂದು ಕೈಯಲ್ಲಿ ಸಾಮಾನು ಹೋಗುತ್ತದೆ, ಇನ್ನೊಂದು ಕೈಯಲ್ಲಿ ಹಣ ಬರುತ್ತದೆ. ಇವೆರಡರ ನಡುವೆ ಒಂದು ನಿಮಿಷದ ಅಂತರವೂ ಇಲ್ಲ. ನೋಟು ಖೋಟಾ ಇರಬಹುದು ಎಂಬ ಒಂದು ಭಯವನ್ನು ಬಿಟ್ಟರೆ ಮಾರುವವನಿಗೆ ಬೇರೆ ಆತಂಕವಿರಲಿಲ್ಲ. ದೂರದ ವ್ಯಾಪಾರದಲ್ಲಿ ಈ ಎರಡು ಕ್ರಿಯೆಗಳು ಬೇರೆಬೇರೆಯಾಗಿವೆ. ಹಣ ಒಂದು ಹೊತ್ತಿನಲ್ಲಿ, ಸಾಮಾನು ಮತ್ತೊಂದು ಹೊತ್ತಿನಲ್ಲಿ, ಮುಖವಂತೂ ಕಾಣುವುದೇ ಇಲ್ಲ. ಹಣಕ್ಕೂ ಸಾಮಾನಿಗೂ ನಡುವೆ ಬಿದ್ದಿರುವ ಈ ಸಂದಿನಲ್ಲಿಯೇ ವಂಚಕನು ಬಂದು ನಿಲ್ಲುತ್ತಾನೆ. ಅವನ ಉಪಾಯಗಳು ಹಲವು ಬಗೆಯವಾಗಿ ಕಂಡರೂ ಅವುಗಳನ್ನು ನಾಲ್ಕು ಗುಂಪು ಮಾಡಿ ತಿಳಿದುಕೊಳ್ಳಬಹುದು.

ಮೊದಲನೆಯದು, ಹಣ ಕೊಡುತ್ತೇನೆಂದು ಹೇಳಿ ಹಣ ತೆಗೆದುಕೊಳ್ಳುವ ಉಪಾಯ. ನಿವೃತ್ತರೊಬ್ಬರು ತಮ್ಮ ಮನೆಯ ಊಟದ ಮೇಜನ್ನು ಎಂಟು ಸಾವಿರ ರೂಪಾಯಿಗೆ ಮಾರುವುದಾಗಿ ಜಾಹೀರಾತು ಹಾಕಿದರೆಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಯೊಳಗೆ ಕರೆ ಬರುತ್ತದೆ. ಕರೆ ಮಾಡಿದವನು ಬಹಳ ಮರ್ಯಾದೆಯಿಂದ ಮಾತನಾಡುತ್ತಾನೆ. ತಾನು ಸೈನ್ಯದಲ್ಲಿರುವವನು, ಈ ಊರಿಗೆ ವರ್ಗವಾಗಿದೆ, ಮೇಜು ತನಗೆ ಬೇಕೇಬೇಕು, ಈಗ ಬಂದು ನೋಡಲು ಬಿಡುವಿಲ್ಲ, ನಾಳೆ ಗಾಡಿ ಕಳುಹಿಸಿ ತರಿಸಿಕೊಳ್ಳುತ್ತೇನೆ, ಹಣವನ್ನು ಈಗಲೇ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಸಮವಸ್ತ್ರ ತೊಟ್ಟ ಚಿತ್ರ, ಗುರುತಿನ ಚೀಟಿಯ ಚಿತ್ರ ಎಲ್ಲವೂ ಬರುತ್ತವೆ. ಸೈನಿಕನೆಂದರೆ ನಮಗೆ ಗೌರವ. ಆ ಗೌರವವನ್ನೇ ಅವನು ಬಂಡವಾಳ ಮಾಡಿಕೊಂಡಿದ್ದಾನೆ. ಚಿತ್ರಗಳು ಯಾರೋ ನಿಜವಾದ ಸೈನಿಕನಿಂದ ಕದ್ದವಾಗಿರಬಹುದು, ಇಲ್ಲವೆ ತಿದ್ದಿ ಮಾಡಿದವಾಗಿರಬಹುದು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಈ ಗಿರಾಕಿ ಚೌಕಾಸಿ ಮಾಡಲಿಲ್ಲ. ಮೇಜನ್ನು ಮುಟ್ಟಿ ನೋಡದೆ, ಕಾಲು ಅಲ್ಲಾಡುತ್ತದೆಯೇ ಎಂದು ಕೇಳದೆ, ಎಂಟು ಸಾವಿರವನ್ನು ಏಳೂವರೆಗೆ ಇಳಿಸದೆ ಒಪ್ಪಿಕೊಂಡ. ನಮ್ಮ ನಾಡಿನಲ್ಲಿ ಎರಡು ಕಟ್ಟು ಸೊಪ್ಪನ್ನೂ ಹೀಗೆ ಯಾರೂ ಕೊಳ್ಳುವುದಿಲ್ಲ. ಹಳೆಯ ಸಾಮಾನನ್ನು ನೋಡದೆ, ಚೌಕಾಸಿ ಮಾಡದೆ, ಆತುರದಿಂದ ಕೊಳ್ಳಲು ಬಂದವನನ್ನು ಕಂಡರೆ ಮೊದಲು ಎಚ್ಚರವಾಗಬೇಕು.

ಅನಂತರ ಅವನು ಒಂದು ಕ್ಯೂ.ಆರ್. ಕೋಡನ್ನು ಕಳುಹಿಸುತ್ತಾನೆ, ಕಪ್ಪುಬಿಳುಪಿನ ಚುಕ್ಕಿಗಳಿಂದ ತುಂಬಿದ ಚೌಕವಾದ ಆ ಚಿತ್ರ ಈಗ ಎಲ್ಲರಿಗೂ ಪರಿಚಿತವೇ. “ಇದನ್ನು ಸ್ಕ್ಯಾನ್ ಮಾಡಿ, ನಿಮ್ಮ ಪಿನ್ ಸಂಖ್ಯೆ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತದೆ” ಎನ್ನುತ್ತಾನೆ. ಸಂಶಯಪಟ್ಟರೆ ಪರೀಕ್ಷೆಗೆಂದು ಐದು ರೂಪಾಯಿಯ ಕೋಡು ಕಳುಹಿಸುತ್ತಾನೆ. ನಿಮ್ಮ ಖಾತೆಯಿಂದ ಐದು ರೂಪಾಯಿ ಹೋಗುತ್ತದೆ. ಒಡನೆಯೇ ಅವನು ಹತ್ತು ರೂಪಾಯಿಯನ್ನು ನಿಮಗೆ ಹಾಕುತ್ತಾನೆ. ಹತ್ತು ಬಂದದ್ದು ಕಾಣುತ್ತದೆ, ಐದು ಹೋದದ್ದು ಗಮನಕ್ಕೆ ಬರುವುದಿಲ್ಲ. ನಂಬಿಕೆ ಹುಟ್ಟಿದ ಮೇಲೆ ಎಂಟು ಸಾವಿರದ ಕೋಡು ಬರುತ್ತದೆ. ಆ ಎಂಟು ಸಾವಿರ ಬರುವುದಿಲ್ಲ, ಹೋಗುತ್ತದೆ. “ಅಯ್ಯೋ, ಏನೋ ತಪ್ಪಾಯಿತು, ಇನ್ನೊಮ್ಮೆ ಮಾಡಿ, ಎರಡೂ ಸೇರಿ ವಾಪಸು ಬರುತ್ತದೆ” ಎಂದು ಅವನು ಹೇಳುತ್ತಾನೆ. ಗಾಬರಿಗೊಂಡವರು ಇನ್ನೊಮ್ಮೆ ಮಾಡುತ್ತಾರೆ, ಮತ್ತೊಮ್ಮೆಯೂ ಮಾಡುತ್ತಾರೆ.

ಈ ಯಂತ್ರದ ಸ್ವರೂಪವನ್ನು ಸ್ವಲ್ಪ ತಿಳಿದರೆ ಈ ಮೋಸ ನಡೆಯಲಾರದು. ಯು.ಪಿ.ಐ. ಎಂಬ ಹಣ ಪಾವತಿಯ ವ್ಯವಸ್ಥೆ ನಮ್ಮ ದೇಶದಲ್ಲಿ 2016ರಲ್ಲಿ ಬಳಕೆಗೆ ಬಂದಿತು. ಇದರಲ್ಲಿ ಕ್ಯೂ.ಆರ್. ಕೋಡು ಎಂಬುದು ಹಣ ಯಾರಿಗೆ ಸೇರಬೇಕೋ ಅವರ ವಿಳಾಸ, ಅಷ್ಟೇ. ಕೆಲವು ಕೋಡುಗಳಲ್ಲಿ ವಿಳಾಸದ ಜೊತೆಗೆ ಮೊತ್ತವೂ ಬರೆದಿರುತ್ತದೆ. ಪಿನ್ ಸಂಖ್ಯೆಯೆಂದರೆ ಖಾತೆಯವನ ಸಹಿ. ಚೆಕ್ಕಿನ ಕೆಳಗೆ ಸಹಿ ಹಾಕುವವನು ಹಣ ಕೊಡುವವನಲ್ಲವೆ? ಹಾಗೆಯೇ ಪಿನ್ ಒತ್ತುವವನು ಯಾವಾಗಲೂ ಹಣ ಕೊಡುವವನೇ. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ನೀವು ಮಲಗಿದ್ದಾಗಲೂ, ನಿಮ್ಮ ಮೊಬೈಲು ಆರಿಹೋಗಿದ್ದಾಗಲೂ ನಿಮ್ಮ ಖಾತೆಗೆ ಹಣ ಬಂದು ಸೇರಬಲ್ಲದು.

ತರಕಾರಿ ಗಾಡಿಯ ಮುಂದೆ ನಿಂತು ನೋಡಿದರೆ ಈ ತತ್ತ್ವವೆಲ್ಲ ಅಲ್ಲಿಯೇ ಇದೆ. ಕೋಡು ಅಂಟಿಸಿರುವುದು ಗಾಡಿಗೆ. ಮೊಬೈಲು ತೆಗೆದು ಸ್ಕ್ಯಾನ್ ಮಾಡುವವನು ಗಿರಾಕಿ. ತರಕಾರಿಯಮ್ಮ ತನ್ನ ಮೊಬೈಲನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ನಿಯಮ ಇಷ್ಟು: ಕೋಡು ಮಾರುವವನದು, ಸ್ಕ್ಯಾನು ಕೊಳ್ಳುವವನದು. ಇದು ತಲೆಕೆಳಗಾದ ಕಡೆ ವ್ಯಾಪಾರವೂ ತಲೆಕೆಳಗಾಗಿದೆ ಎಂದು ತಿಳಿಯಬೇಕು. ಹಿಂದೆ ವಂಚಕರು ಹಣ ಕೊಡುವಂತೆ ಕೇಳುವ ಒಂದು ‘ಕಲೆಕ್ಟ್’ ಕೋರಿಕೆಯನ್ನೂ ನೇರವಾಗಿ ಕಳುಹಿಸುತ್ತಿದ್ದರು. ಅದು ಹಣ ಬರುವ ಸೂಚನೆಯೆಂದು ಭಾವಿಸಿ ಜನ ಒಪ್ಪಿಗೆ ಒತ್ತಿ ಕಳೆದುಕೊಳ್ಳುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಕೋರಿಕೆ ಕಳುಹಿಸುವ ಸೌಕರ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಒಂದು ಬಾಗಿಲು ಮುಚ್ಚಿತು, ಆದರೆ ಕೋಡಿನ ಬಾಗಿಲು ತೆರೆದೇ ಇದೆ.

ಈ ಸಂದರ್ಭದಲ್ಲಿ ನಮ್ಮ ಭಾಷೆಯ ಒಂದು ಹಳೆಯ ಮಾತನ್ನು ನೆನಪಿಗೆ ತರಬಹುದು. ‘ಸಂಚಕಾರ’ ಎಂಬ ಪದವನ್ನು ಇಂದು ನಾವು ಕುತ್ತು, ಅಪಾಯ ಎಂಬ ಅರ್ಥದಲ್ಲಿ ಬಳಸುತ್ತೇವೆ. ‘ಪ್ರಾಣಕ್ಕೆ ಸಂಚಕಾರ ಬಂತು’ ಎನ್ನುತ್ತೇವೆ. ಆದರೆ ಇದರ ಮೂಲಾರ್ಥ ಬೇರೆ. ಸಂಸ್ಕೃತದ ‘ಸತ್ಯಂಕಾರ’ದಿಂದ ಬಂದ ಈ ಪದಕ್ಕೆ ವ್ಯಾಪಾರ ನಿಶ್ಚಯವಾದಾಗ ಕೊಳ್ಳುವವನು ಮಾರುವವನ ಕೈಯಲ್ಲಿ ಇಡುವ ಮುಂಗಡ ಹಣ ಎಂದು ಅರ್ಥ. ತನ್ನ ಮಾತು ಸತ್ಯವೆಂಬುದಕ್ಕೆ ಅವನು ಕೊಡುವ ಗುರುತು ಅದು. ಸಂಚಕಾರವನ್ನು ಕೊಡತಕ್ಕವನು ಕೊಳ್ಳುವವನು, ಇಟ್ಟುಕೊಳ್ಳತಕ್ಕವನು ಮಾರುವವನು. ‘ನಿಮ್ಮ ಖಾತೆಯನ್ನು ಪರೀಕ್ಷಿಸಲು ಒಂದು ರೂಪಾಯಿ ಹಾಕಿ’, ‘ಗಾಡಿಯ ಬಾಡಿಗೆಯನ್ನು ನೀವು ಮೊದಲು ಕಟ್ಟಿ, ಸೇರಿಸಿ ಕೊಡುತ್ತೇನೆ’ ಎಂದು ಕೊಳ್ಳುವವನೇ ಮಾರುವವನನ್ನು ಕೇಳಿದರೆ ಆ ಸಂಚಕಾರ ಎರಡನೆಯ ಅರ್ಥದ್ದು ಎಂದು ನಿಶ್ಚಯಿಸಬಹುದು.

ಎರಡನೆಯ ಗುಂಪು, ಬಾರದ ಹಣವನ್ನು ಬಂದಂತೆ ತೋರಿಸುವ ಉಪಾಯ. ಕೊಳ್ಳುವವನು ಸೀರೆಯ ಬೆಲೆಯನ್ನು ಹಾಕಿದ್ದೇನೆಂದು ಹೇಳಿ ಮೊಬೈಲಿನ ಪರದೆಯ ಚಿತ್ರವನ್ನು ಕಳುಹಿಸುತ್ತಾನೆ. ಹಸಿರು ಗುರುತು, ಮೊತ್ತ, ದಿನಾಂಕ, ಸಂಖ್ಯೆ ಎಲ್ಲವೂ ಅದರಲ್ಲಿ ಸರಿಯಾಗಿಯೇ ಇರುತ್ತವೆ. ಇಂಥ ಚಿತ್ರವನ್ನು ತಯಾರಿಸುವುದು ಎರಡು ನಿಮಿಷದ ಕೆಲಸ; ಪಾವತಿಯ ಆ್ಯಪಿನಂತೆಯೇ ಕಾಣುವ ಖೋಟಾ ಆ್ಯಪುಗಳೂ ಇವೆ. ಇನ್ನು ಕೆಲವರು ಬ್ಯಾಂಕಿನಿಂದ ಬಂದಂತೆ ಬರೆದ ಸಂದೇಶವನ್ನು ತಮ್ಮ ಮೊಬೈಲಿನಿಂದಲೇ ಕಳುಹಿಸುತ್ತಾರೆ. ‘ನಿಮ್ಮ ಖಾತೆಗೆ ರೂ. 25,000 ಜಮಾ ಆಗಿದೆ’ ಎಂದು ಅದರಲ್ಲಿ ಇರುತ್ತದೆ. ಹಿಂದೆಯೇ ಕರೆ ಬರುತ್ತದೆ: “ಅಣ್ಣಾ, 2,500 ಹಾಕುವ ಕಡೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದುಬಿಟ್ಟಿತು. ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಅದಕ್ಕೆಂದು ಇಟ್ಟ ಹಣ. ಉಳಿದದ್ದನ್ನು ಈಗಲೇ ವಾಪಸು ಹಾಕಿ.” ಕೇಳಿದವರು ಪ್ರಾಮಾಣಿಕರಾದಷ್ಟೂ ಬೇಗ ಬಲೆಗೆ ಬೀಳುತ್ತಾರೆ. ಪರರ ಹಣ ನಮ್ಮಲ್ಲಿ ಒಂದು ಗಳಿಗೆಯೂ ಇರಬಾರದೆಂಬ ಒಳ್ಳೆಯ ಮನಸ್ಸೇ ಅವರನ್ನು ತಮ್ಮ ಸ್ವಂತ 22,500 ರೂಪಾಯಿಯನ್ನು ಕಳುಹಿಸುವಂತೆ ಮಾಡುತ್ತದೆ.

ಇದಕ್ಕೆ ಪರಿಹಾರ ಒಂದೇ. ಹಣ ಬಂದಿದೆಯೇ ಇಲ್ಲವೇ ಎಂಬುದಕ್ಕೆ ಸಾಕ್ಷಿ ನಿಮ್ಮ ಖಾತೆ. ಕೊಳ್ಳುವವನು ಕಳುಹಿಸಿದ ಚಿತ್ರವನ್ನಾಗಲಿ ಸಂದೇಶವನ್ನಾಗಲಿ ಅದರ ಬದಲಿಗೆ ಒಪ್ಪಬಾರದು. ಬ್ಯಾಂಕಿನ ಆ್ಯಪನ್ನು ನೀವೇ ತೆರೆದು ಬಾಕಿ ಮೊತ್ತವನ್ನು ನೋಡಿ. ಅದು ತಿಳಿಯದವರು ಮನೆಯ ಮಕ್ಕಳಿಂದ ನೋಡಿಸಿ, ಇಲ್ಲವೆ ಬ್ಯಾಂಕಿಗೆ ಹೋಗಿ ಪಾಸ್‌ಪುಸ್ತಕವನ್ನು ಬರೆಸಿ. ಅಲ್ಲಿಯವರೆಗೆ ಸಾಮಾನು ಮನೆಯಲ್ಲಿಯೇ ಇರಲಿ. ಅಂಗಡಿಗಳಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವ ಪೆಟ್ಟಿಗೆಯನ್ನು ಇಟ್ಟುಕೊಂಡಿರುವುದು ಈ ಕಾರಣಕ್ಕಾಗಿಯೇ. ಗಿರಾಕಿ ತೋರಿಸುವ ಪರದೆಯನ್ನು ನಂಬಿ ನಷ್ಟಪಟ್ಟ ಅಂಗಡಿಯವರು ಎಷ್ಟೋ ಮಂದಿ.

ನಿಜವಾಗಿಯೂ ಹೆಚ್ಚು ಹಣ ಬಂದಿದ್ದರೆ ಏನು ಮಾಡಬೇಕು? ಆಗಲೂ ನೀವಾಗಿ ಬೇರೊಂದು ಸಂಖ್ಯೆಗೆ ಹಣ ಹಾಕಬೇಡಿ. ನಿಮ್ಮ ಬ್ಯಾಂಕಿಗೆ ಬರೆದು ತಿಳಿಸಿ. ಕಳುಹಿಸಿದವನೂ ತನ್ನ ಬ್ಯಾಂಕಿಗೆ ಹೇಳಲಿ. ಬ್ಯಾಂಕುಗಳ ಮೂಲಕವೇ ಅದು ಹಿಂದಿರುಗಲಿ. ಈ ಎಚ್ಚರಿಕೆಗೆ ಮತ್ತೊಂದು ಕಾರಣವುಂಟು. ವಂಚಕರು ಬೇರೊಬ್ಬರಿಂದ ದೋಚಿದ ಹಣದಿಂದಲೇ ಸಾಮಾನು ಕೊಳ್ಳುವುದುಂಟು. ಕೊಳ್ಳುವವನ ಹೆಸರು ಒಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು. ಹಣ ಕಳೆದುಕೊಂಡವರು ದೂರು ಕೊಟ್ಟಾಗ ಆ ಹಣ ಹರಿದ ದಾರಿಯನ್ನೆಲ್ಲ ಪೊಲೀಸರು ಹುಡುಕುತ್ತಾರೆ. ಆಗ ಏನೂ ಅರಿಯದ ಮಾರಾಟಗಾರನ ಖಾತೆಯೂ ತಡೆಹಿಡಿಯಲ್ಪಡುತ್ತದೆ. ಆದ್ದರಿಂದ ಹಣ ಬಂದ ಖಾತೆಯ ಹೆಸರನ್ನು ಓದುವುದು, ಅದು ಬೇರೆಯಾಗಿದ್ದರೆ ಯಾರೆಂದು ಕೇಳುವುದು, ಚಿನ್ನ, ಮೊಬೈಲು ಮುಂತಾದ ಬೆಲೆಬಾಳುವ ಪದಾರ್ಥವಾದರೆ ಬಿಲ್ಲು ಬರೆದು ಪ್ರತಿ ಇಟ್ಟುಕೊಳ್ಳುವುದು ಅವಶ್ಯಕ. ಪ್ರಸಂಗ ಬಂದರೆ ಆ ಬಿಲ್ಲೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಮೂರನೆಯ ಗುಂಪನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಇದು ನಿಮ್ಮ ಮೊಬೈಲಿನೊಳಕ್ಕೆ ನುಗ್ಗುವ ಉಪಾಯ. ‘ಹಣ ಬರುತ್ತಿಲ್ಲ, ಏನೋ ತೊಂದರೆಯಿದೆ, ಈ ಆ್ಯಪನ್ನು ಹಾಕಿಕೊಳ್ಳಿ, ನಾನೇ ಸರಿಮಾಡಿಕೊಡುತ್ತೇನೆ’ ಎಂದು ಹೇಳಿ ಕೊಳ್ಳುವವನು ಒಂದು ಕೊಂಡಿಯನ್ನು ಕಳುಹಿಸುತ್ತಾನೆ. ಆ ಆ್ಯಪು ನಿಮ್ಮ ಪರದೆಯನ್ನು ಅವನಿಗೆ ಕಾಣಿಸುವಂಥದು. ನೀವು ಒತ್ತುವ ಅಂಕಿ, ನಿಮಗೆ ಬರುವ ಓ.ಟಿ.ಪಿ. ಎಲ್ಲವೂ ಅವನಿಗೆ ತಿಳಿಯುತ್ತವೆ. ಮನೆಯ ಬೀಗದ ಕೈಯನ್ನು ಅಪರಿಚಿತನಿಗೆ ಕೊಟ್ಟು ನಾವು ಹೊರಗೆ ಕುಳಿತಂತೆ ಇದು. ಕೊಳ್ಳುವವನು ಕಳುಹಿಸಿದ ಕೊಂಡಿಯನ್ನು ಒತ್ತಬೇಕಾದ ಅಗತ್ಯ ಮಾರುವವನಿಗೆ ಎಂದೂ ಬರುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ನಾಲ್ಕನೆಯದು ಸಾಮಾನು ಕೈಸೇರಿದ ಮೇಲೆ ನಡೆಯುವ ಮೋಸ. ಇದು ಒಂದು ಸಲಕ್ಕೆ ಸ್ವಲ್ಪವೇ ಕೊಯ್ದರೂ ದಿನವೂ ಕೊಯ್ಯುತ್ತದೆ. ಇದರಲ್ಲಿ ಎರಡು ಬಗೆ. ಒಂದು, ತರಿಸಿಕೊಂಡು ಬೇಡವೆನ್ನುವುದು. ಸಾಮಾನು ತಲುಪಿದಾಗ ಹಣ ಕೊಡುವ ಕರಾರಿನ ಮೇಲೆ ತರಿಸುತ್ತಾರೆ. ಕೊರಿಯರಿನವನು ಬಾಗಿಲಿಗೆ ಬಂದಾಗ ಕರೆಯನ್ನೇ ತೆಗೆದುಕೊಳ್ಳುವುದಿಲ್ಲ. ಪಾರ್ಸೆಲು ಹೋಗಿ ಬರುವ ಖರ್ಚು ಮಾರಿದವನ ತಲೆಗೆ. ಈ ಕಷ್ಟ ಹೊಸದೇನಲ್ಲ. ಅಂಚೆಯ ವಿ.ಪಿ. ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲೇ ನಮ್ಮ ದೇಶಕ್ಕೆ ಬಂದಿತು. ಕಾಗದ ಬರೆದು ಪುಸ್ತಕ ತರಿಸಿ, ವಿ.ಪಿ. ಬಂದಾಗ ಮನೆಯಲ್ಲಿಲ್ಲವೆಂದು ಹೇಳಿಸಿದ ಓದುಗರಿಂದ ಪ್ರಕಾಶಕರು ಅಂಚೆವೆಚ್ಚವನ್ನು ಕಳೆದುಕೊಳ್ಳುತ್ತಿದ್ದರು. ಅದಕ್ಕೆ ಅವರು ಕಂಡುಕೊಂಡ ಉಪಾಯ ಇಂದಿಗೂ ಸಲ್ಲುತ್ತದೆ. ಪೂರ್ಣ ಬೆಲೆಯನ್ನು ಮೊದಲೇ ಕೇಳಲು ಸಂಕೋಚವಾದರೆ ಸಾಗಣೆಯ ವೆಚ್ಚವನ್ನಾದರೂ ಮುಂಗಡವಾಗಿ ಪಡೆಯಬೇಕು. ನಿಜವಾಗಿ ಬೇಕಾದವನು ಐವತ್ತು ಅರವತ್ತು ರೂಪಾಯಿ ಕೊಡಲು ಹಿಂದೆಗೆಯುವುದಿಲ್ಲ.

ಎರಡನೆಯ ಬಗೆ, ಒಂದನ್ನು ತರಿಸಿ ಇನ್ನೊಂದನ್ನು ಹಿಂದಿರುಗಿಸುವುದು. ಹೊಸ ಸೀರೆ ಹೋಗಿ ಉಟ್ಟ ಸೀರೆ ಬರುತ್ತದೆ. ಮೊಬೈಲು ಹೋಗಿ ಸೋಪಿನ ತುಂಡು ಬರುತ್ತದೆ. ಇಲ್ಲವೆ ‘ಒಡೆದುಬಂದಿದೆ’ ಎಂದು ಬೇರೆ ಯಾವುದೋ ಒಡೆದ ಗೊಂಬೆಯ ಚಿತ್ರ ಕಳುಹಿಸಿ ಹಣ ವಾಪಸು ಕೇಳುತ್ತಾರೆ. ಕೊಂಡದ್ದನ್ನು ಹಿಂದಿರುಗಿಸುವ ಹಕ್ಕು ಇಂದಿನ ಜಾಲತಾಣಗಳು ಕಂಡುಹಿಡಿದದ್ದೆಂದು ಕೆಲವರು ತಿಳಿದಿರಬಹುದು. ನಮ್ಮ ಧರ್ಮಶಾಸ್ತ್ರಗಳಲ್ಲಿ ವ್ಯವಹಾರದ ಹದಿನೆಂಟು ಪದಗಳ ಪೈಕಿ ಇದೂ ಒಂದು. ಕೊಂಡು ಪಶ್ಚಾತ್ತಾಪಪಡುವುದಕ್ಕೆ ‘ಕ್ರೀತಾನುಶಯ’ ಎಂದು ಹೆಸರು. ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಯಾಜ್ಞವಲ್ಕ್ಯ ಸ್ಮೃತಿ ಬೇರೆಬೇರೆ ಅವಧಿಗಳನ್ನು ಹೇಳುತ್ತದೆ: ಬಿತ್ತನೆಯ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಎತ್ತು ಮುಂತಾದ ಭಾರ ಹೊರುವ ಪ್ರಾಣಿಗಳಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅದೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಆದರೆ ಆ ಹಕ್ಕಿಗೆ ಹಿಂದಿನವರು ಎಲ್ಲೆಯನ್ನೂ ಹಾಕಿದ್ದರು. ಕೊಂಡದ್ದು ಸರಿಯಿಲ್ಲವೆಂದು ಕಂಡರೆ ಅದೇ ದಿನ, ಕೆಡಿಸದೆ ಹಿಂದಿರುಗಿಸಬೇಕು ಎನ್ನುತ್ತದೆ ನಾರದ ಸ್ಮೃತಿ. ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲಿ ಒಂದು ಭಾಗ, ಮೂರನೆಯ ದಿನವಾದರೆ ಅದರ ಎರಡರಷ್ಟು ಕೊಳ್ಳುವವನಿಗೆ ನಷ್ಟ; ಅಲ್ಲಿಂದ ಮುಂದೆ ವಸ್ತು ಅವನದೇ. ಕೊಳ್ಳುವವನಿಗೆ ಪರೀಕ್ಷೆಯ ಅವಕಾಶ, ಮಾರುವವನಿಗೆ ವಸ್ತು ಕೆಡದೆ ಬರುವ ಭರವಸೆ, ಈ ಎರಡನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಿದರು. ಮನೆಯಿಂದಲೇ ಮಾರುವ ನಮ್ಮ ಸೋದರಿಯರೂ ಹೀಗೆಯೇ ತೂಗಿ ತಮ್ಮ ನಿಯಮವನ್ನು ಗೊತ್ತುಮಾಡಿಕೊಳ್ಳಬಹುದು: ಎಷ್ಟು ದಿನದೊಳಗೆ ಹಿಂದಿರುಗಿಸಬಹುದು, ಯಾವ ಸ್ಥಿತಿಯಲ್ಲಿ, ಸಾಗಣೆಯ ಖರ್ಚು ಯಾರದು, ಉಪ್ಪಿನಕಾಯಿಯಂಥ ತಿನ್ನುವ ಪದಾರ್ಥವನ್ನು ಬಿಚ್ಚಿದ ಮೇಲೆ ವಾಪಸು ತೆಗೆದುಕೊಳ್ಳುವುದುಂಟೋ ಇಲ್ಲವೋ. ಇದನ್ನು ಹಣ ಪಡೆಯುವ ಮೊದಲೇ ಎಲ್ಲ ಗಿರಾಕಿಗಳಿಗೂ ಒಂದೇ ರೀತಿಯಲ್ಲಿ ಬರೆದು ತಿಳಿಸಬೇಕು. ಜಗಳವಾದ ಮೇಲೆ ಹೇಳಿದ ನಿಯಮಕ್ಕೆ ಬೆಲೆಯಿಲ್ಲ. ದೊಡ್ಡ ಜಾಲತಾಣಗಳ ಮೂಲಕ ಮಾರುವವರು ಆ ತಾಣದ ನಿಯಮಕ್ಕೆ ಒಳಪಟ್ಟಿರುತ್ತಾರೆ. ಅಲ್ಲಿ ಬದಲಿ ಸಾಮಾನು ಬಂದಾಗ ದೂರು ಕೊಡಲು ಗೊತ್ತಾದ ಗಡುವು ಇರುತ್ತದೆ. ಆ ಗಡುವು ಮೀರಿದರೆ ಎಷ್ಟು ನ್ಯಾಯವಿದ್ದರೂ ಕೇಳುವವರಿಲ್ಲ.

ಸಾಕ್ಷ್ಯವನ್ನು ಕೂಡಿಸಿಡುವ ಕೆಲಸವೂ ಕಷ್ಟದ್ದಲ್ಲ. ಸಾಮಾನನ್ನು ಪೆಟ್ಟಿಗೆಗೆ ಹಾಕುವಾಗ ವಿಳಾಸದ ಚೀಟಿಯೂ ಕಾಣುವಂತೆ ಮೊಬೈಲಿನಲ್ಲಿ ಚಲಚ್ಚಿತ್ರ ತೆಗೆದಿಡಿ. ಆರಂಭದಿಂದ ಅಂಟಿಸಿ ಮುಗಿಸುವವರೆಗೆ ಎಲ್ಲಿಯೂ ನಿಲ್ಲಿಸಬೇಡಿ. ಅಂಚೆ ಅಥವಾ ಕೊರಿಯರ್ ರಸೀದಿಯಲ್ಲಿ ತೂಕ ಬರೆದಿದೆಯೇ ನೋಡಿ. ಹೋದ ತೂಕ, ಬಂದ ತೂಕ ಬೇರೆಯಾದರೆ ಅದೇ ಒಂದು ಪುರಾವೆ. ಮೊಬೈಲನ್ನು ಮಾರುವುದಾದರೆ ಅದರ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ; ಅದರೊಳಗಿನ ನಿಮ್ಮ ಚಿತ್ರಗಳನ್ನೂ ಖಾತೆಗಳನ್ನೂ ಪೂರ್ತಿಯಾಗಿ ಅಳಿಸದೆ ಕೊಡಬೇಡಿ. ಸೀರೆಯಾದರೆ ಸೆರಗಿನ ಮೂಲೆಯಲ್ಲಿ ಒಂದು ಚೀಟಿಯನ್ನು ಹೊಲಿದು, ಅದನ್ನು ಕತ್ತರಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂದು ತಿಳಿಸಬಹುದು. ವಾಪಸು ಬಂದ ಪಾರ್ಸೆಲನ್ನು ಬಿಚ್ಚುವಾಗಲೂ ಹಾಗೆಯೇ ಚಿತ್ರ ತೆಗೆಯಬೇಕು. ದೊಡ್ಡ ಸಾಮಾನನ್ನು ಊರಿನವರಿಗೇ ಮಾರುವುದಾದರೆ ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಇನ್ನೊಬ್ಬರು ಇರುವಾಗ ಬರಹೇಳಿ. ಹಣ ಖಾತೆಯಲ್ಲಿ ಕಂಡ ಮೇಲೆ ಸಾಮಾನು ಹೊಸ್ತಿಲು ದಾಟಲಿ.

ಇಷ್ಟನ್ನು ಓದಿದ ಮೇಲೆ ಗಿರಾಕಿಗಳೆಲ್ಲ ಕಳ್ಳರೆಂಬ ಭಾವನೆ ಯಾರಿಗೂ ಬರಬಾರದು. ಹೆಚ್ಚು ಮಂದಿ ಕೊಳ್ಳುವವರು ನಿಮ್ಮ ನಮ್ಮಂಥವರೇ; ಅವರಿಗೂ ‘ಈ ಮಾರುವವನು ಎಂಥವನೋ’ ಎಂಬ ಅಳುಕು ಇದ್ದೇ ಇರುತ್ತದೆ. ನಿಮ್ಮ ಎಚ್ಚರಿಕೆ ಎಲ್ಲರಿಗೂ ಒಂದೇ ಆಗಿದ್ದರೆ ಯಾರಿಗೂ ಅದು ಅವಮಾನವಲ್ಲ. “ಹಣ ಖಾತೆಯಲ್ಲಿ ಕಂಡ ಕೂಡಲೇ ಕಳುಹಿಸುತ್ತೇನೆ, ನಾನು ಎಲ್ಲರಿಗೂ ಹೀಗೆಯೇ ಮಾಡುವುದು” ಎಂದು ಮೆತ್ತಗೆ ಹೇಳಿದರೆ ಸಜ್ಜನನು ಕಾಯುತ್ತಾನೆ. ವಂಚಕನಿಗೆ ಕಾಯುವುದು ಆಗುವುದಿಲ್ಲ. ಅವನು ಅವಸರಪಡಿಸುತ್ತಾನೆ, ಗದರಿಸುತ್ತಾನೆ, ‘ದೇಶ ಕಾಯುವವನನ್ನೇ ನಂಬುವುದಿಲ್ಲವೇ’ ಎಂದು ಮನಸ್ಸಿಗೆ ನಾಟುವ ಮಾತಾಡುತ್ತಾನೆ. ಆತುರ ಯಾರದೋ ಅವರ ಮೇಲೆ ಕಣ್ಣಿರಲಿ. ದೊಡ್ಡ ಮೊತ್ತವಾದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಕರೆಯನ್ನು ಮುಗಿಸಿ, ಇನ್ನೊಬ್ಬರ ಹತ್ತಿರ ನಡೆದದ್ದನ್ನು ಬಾಯಿಬಿಟ್ಟು ಹೇಳಿ. ಒಬ್ಬರೇ ಕೇಳುವಾಗ ಸರಿಯೆಂದು ತೋರಿದ ಮಾತು ಇನ್ನೊಬ್ಬರಿಗೆ ಹೇಳುವಾಗಲೇ ಎಷ್ಟೋ ಸಲ ಟೊಳ್ಳೆಂದು ತಿಳಿದುಹೋಗುತ್ತದೆ.

ಇಷ್ಟಾದರೂ ಮೋಸ ನಡೆದೇಹೋದರೆ? ಆಗ ಹೊತ್ತು ಬಹಳ ಮುಖ್ಯ. ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಿ. ಇದು ಹಣದ ವಂಚನೆಗಳಿಗೆಂದು ಇರುವ ರಾಷ್ಟ್ರೀಯ ಸಹಾಯವಾಣಿ. ನಿಮ್ಮ ದೂರನ್ನು ಬರೆದುಕೊಂಡು, ಹಣ ಹೋದ ಬ್ಯಾಂಕಿಗೆ ಅವರು ಸುದ್ದಿ ಮುಟ್ಟಿಸುತ್ತಾರೆ. ಹಣ ಆ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲಿಯೇ ತಡೆಯಬಹುದು. ವಂಚಕನು ಅದನ್ನು ಅನೇಕ ಖಾತೆಗಳಿಗೆ ಹಂಚಿ ನಗದು ಮಾಡಿಕೊಂಡ ಮೇಲೆ ಮರಳಿ ಪಡೆಯುವುದು ಬಹು ಕಷ್ಟ. ಕರೆ ಮಾಡುವಾಗ ಹಣ ಹೋದ ದಿನ, ಹೊತ್ತು, ಮೊತ್ತ, ವ್ಯವಹಾರದ ಸಂಖ್ಯೆ, ವಂಚಕನ ದೂರವಾಣಿ ಸಂಖ್ಯೆ ಇವು ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆಯನ್ನು ಪಡೆಯಿರಿ. ಪಿನ್ನನ್ನು ನಾವೇ ಒತ್ತಿದ್ದರೆ, ಓ.ಟಿ.ಪಿ.ಯನ್ನು ನಾವೇ ಹೇಳಿದ್ದರೆ, ಬ್ಯಾಂಕಿನಿಂದ ಪರಿಹಾರ ದೊರೆಯುವುದು ಸುಲಭವಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯು ಖಾತೆದಾರನ ಅಜಾಗರೂಕತೆಯಿಂದ ಆದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ ಖಾತೆದಾರನೇ ಹೊರಬೇಕು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು ಎಂದು ವಿಧಿಸಿತು. ತಿಳಿಸುವುದು ತಡವಾದಷ್ಟೂ ನಷ್ಟ ನಮ್ಮದೇ ಎಂಬ ಪಾಠವನ್ನು ಅದರಿಂದ ಕಲಿಯಬೇಕು.

ಸೈಬರ್ ಕ್ರೈಮ್ ಡಾಟ್ ಜಿ.ಓ.ವಿ. ಡಾಟ್ ಇನ್ ಎಂಬ ಸರ್ಕಾರದ ತಾಣದಲ್ಲಿಯೂ ದೂರು ಬರೆಯಬಹುದು. ಬರೆಯಲು ಬಾರದವರು ಹತ್ತಿರದ ಪೊಲೀಸ್ ಠಾಣೆಗೆ ಹೋಗಬಹುದು. ವಂಚನೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣಕ್ಕೆ ಸೇರುತ್ತದೆ. ಹಿಂದೆ ಜನರ ಬಾಯಲ್ಲಿ ಬೈಗುಳವೇ ಆಗಿಹೋಗಿದ್ದ 420ರ ಸ್ಥಾನದಲ್ಲಿ ಈಗ ಇರುವುದು ಇದು. ಕಂಪ್ಯೂಟರ್ ಅಥವಾ ಮೊಬೈಲಿನ ಮೂಲಕ ಇನ್ನೊಬ್ಬರ ವೇಷ ಹಾಕಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಪ್ರಕರಣದಂತೆ 3 ವರ್ಷದವರೆಗೆ ಸೆರೆಮನೆಯೂ 1 ಲಕ್ಷ ರೂಪಾಯಿಯವರೆಗೆ ದಂಡವೂ ಉಂಟು. ವಂಚಕನೊಡನೆ ನಡೆದ ಸಂಭಾಷಣೆಯನ್ನು ಕೋಪದಿಂದ ಅಳಿಸಬೇಡಿ, ಅದೇ ಸಾಕ್ಷ್ಯ. ‘ಹೋದ ಹಣವನ್ನು ತರಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಆಮೇಲೆ ಬರುವ ಕರೆಗಳನ್ನು ನಂಬಬೇಡಿ. ಗಾಯದ ಮೇಲೆ ಕೂರುವ ನೊಣಗಳಂತೆ ಅವರು ಎರಡನೆಯ ಸಾಲಿನ ವಂಚಕರು.

ಕೊನೆಯದಾಗಿ ಒಂದು ಮಾತು. ಮೋಸಹೋದವರಲ್ಲಿ ಎಷ್ಟೋ ಜನ ಅದನ್ನು ಯಾರಿಗೂ ಹೇಳುವುದಿಲ್ಲ. ಇಷ್ಟು ಓದಿಯೂ ಹೀಗಾಯಿತೇ ಎಂದು ನಿವೃತ್ತರು ನಾಚುತ್ತಾರೆ. ಗಂಡನಿಗೆ ಗೊತ್ತಾದರೆ ವ್ಯಾಪಾರವನ್ನೇ ನಿಲ್ಲಿಸಿಬಿಡುತ್ತಾರೆಂದು ಗೃಹಿಣಿ ಹೆದರುತ್ತಾಳೆ. ಅಪ್ಪ ಬೈಯುತ್ತಾರೆಂದು ಹುಡುಗ ಮುಚ್ಚಿಡುತ್ತಾನೆ. ಹೀಗೆ ಮುಚ್ಚಿಟ್ಟ ಆ ಒಂದೆರಡು ಗಂಟೆಗಳಲ್ಲಿಯೇ ಹಣ ಕೈಮೀರಿ ಹೋಗುತ್ತದೆ. ಆದ್ದರಿಂದ ಮನೆಯ ಹಿರಿಯರಲ್ಲಿ ನನ್ನ ವಿನಂತಿ ಇದು. ಹೀಗಾಯಿತೆಂದು ಯಾರಾದರೂ ಬಂದು ಹೇಳಿದರೆ ಬುದ್ಧಿವಾದವನ್ನು ನಾಳೆಗೆ ಇಟ್ಟುಕೊಳ್ಳಿ. ಮೊದಲು 1930ಕ್ಕೆ ಕರೆ ಮಾಡಿಸಿ. ಮನೆಯಲ್ಲಿ ಕುಳಿತು ಹಪ್ಪಳ ಒತ್ತಿ, ಸೀರೆ ನೇಯ್ದು, ಗೊಂಬೆಗೆ ಬಣ್ಣ ಹಾಕಿ ನಾಲ್ಕು ಕಾಸು ಸಂಪಾದಿಸುವವರು ಒಂದು ಮೋಸಕ್ಕೆ ಅಂಜಿ ಕೈಬಿಡಬಾರದು. ಕೋಡು ತಮ್ಮದಾಗಿರಲಿ, ಪಿನ್ನು ತಮ್ಮಲ್ಲೇ ಇರಲಿ, ಹಣವನ್ನು ತಮ್ಮ ಖಾತೆಯಲ್ಲೇ ಕಾಣಲಿ. ಇಷ್ಟು ರೂಢಿಯಾದರೆ ದೂರದ ಗಿರಾಕಿಗೂ ಅವರು ನಿಶ್ಚಿಂತೆಯಿಂದ ಮಾರಬಹುದು.